ಕೊಳಗ ಯಾರ ಕೈಲಿತ್ತು?

ಮೊದಲೇ ಹೇಳಿಬಿಡ್ತೀವಿ: ಆ ಸಂಗೀತ ನಮಗೂ ಹಿಡಿಸಿತು. ಡ್ರಮ್ಮಿನ ಏಟು ನೇರ ಎದೆಗೇ ಬಿತ್ತು. ಹಲಗೆ ಕೇಳಿ ಬೆಳೆದ ಕಿವಿ ನಮ್ಮದು. ಏಟಿನ ಬೆಲೆಯನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದ್ದರಿಂದ ನಮ್ಮನ್ನು 'ಪಾಶ್ಚಾತ್ಯ ಗದ್ದಲ ಬಂತು, ನಮ್ಮ ಸಂಸ್ಕೃತಿ ಕೆಟ್ಟಿತು' ಎಂದು ಹಲುಬುವವರ ಸಾಲಿಗೆ ಸೇರಿಸಬೇಡಿ. ಆ ಸಂಸ್ಕೃತಿಯ ಅಂಗಳದಾಚೆ ನಿಂತು, ಮೇಲಿನಿಂದ ಬಿದ್ದ ಅನ್ನ ತಿಂದವರ ಮಕ್ಕಳು ನಾವು. ಅದು ಕೆಟ್ಟರೆ ಅಳೋದಕ್ಕೆ ನಮ್ಮ ಹತ್ತಿರ ಕಣ್ಣೀರಿಲ್ಲ.

ನಮ್ಮ ಜಗಳ ಬೇರೆ.

ಮಳೆಗಾಲದಲ್ಲಿ ಕುಪ್ಪಳ್ಳಿಯಲ್ಲಿ ಎರಡು ದಿನ ಸೇರಿದ್ದೆವು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹುಡುಗ ಹುಡುಗಿಯರು, ಮೂವರು ಪ್ರೈಮರಿ ಶಾಲೆ ಮೇಷ್ಟ್ರು, ಇಬ್ಬರು ಅಂಗನವಾಡಿ ಅಕ್ಕಂದಿರು. ಹಗಲೆಲ್ಲ ಕವಿಮನೆ, ಕವಿಶೈಲ, ಚರ್ಚೆ. ರಾತ್ರಿ ಹೊರಗೆ ಕಾಲಿಡಲಾಗದ ಜಡಿಮಳೆ. ನಮ್ಮವನೊಬ್ಬನ ಜೊತೆ ಬೆಂಗಳೂರಿನಿಂದ ಮೂವರು ಗೆಳೆಯರು ಬಂದಿದ್ದರು. ಒಳ್ಳೆಯ ಹುಡುಗರು, ಜಾತಿ ಕೇಳದೆ ಒಂದೇ ತಟ್ಟೆಯಲ್ಲಿ ಕೈಹಾಕಿ ತಿಂದವರು. ಅವರ ಅಂಗಿಯ ಮೇಲೆ ಒಂದು ಇಂಗ್ಲಿಷ್ ರಾಕ್ ತಂಡದ ಹೆಸರಿತ್ತು, ಲೆಡ್ ಜೆಪೆಲಿನ್. ಉಂಡ ಮೇಲೆ ಲ್ಯಾಪ್‌ಟಾಪ್ ತೆರೆದು, 'ಇದೊಂದು ನೋಡ್ರೋ, ಆಮೇಲೆ ಬೇಕಾದ್ದು ಬೈಯಿರಿ' ಅಂದರು. ನೋಡಿದೆವು. ಆಮೇಲೆ ಬೈದೆವು. ರಾತ್ರಿ ಎರಡು ಗಂಟೆವರೆಗೆ ನಡೆದ ಆ ಬೈದಾಟದಿಂದ ಹುಟ್ಟಿದ್ದು ಈ ಬರಹ.

ಚಿತ್ರದ ಹೆಸರು 'ಬಿಕಮಿಂಗ್ ಲೆಡ್ ಜೆಪೆಲಿನ್'. ಬರ್ನಾರ್ಡ್ ಮ್ಯಾಕ್‌ಮಹೋನ್ ಎಂಬಾತ ನಿರ್ದೇಶಿಸಿದ ಸಾಕ್ಷ್ಯಚಿತ್ರ. 2021ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅರೆಬರೆಯಾಗಿ ತೋರಿಸಿ, ತಿದ್ದಿ ತೀಡಿ 2025ರ ಫೆಬ್ರವರಿಯಲ್ಲಿ ಚಿತ್ರಮಂದಿರಕ್ಕೆ ಬಿಟ್ಟರು. ತಂಡದವರೇ ಒಪ್ಪಿ, ತಾವೇ ಕೂತು ಮಾತಾಡಿ, ತಮ್ಮ ಪೆಟ್ಟಿಗೆಯ ಹಳೆ ಫೋಟೋ ಕೊಟ್ಟು ಮಾಡಿಸಿದ ಮೊದಲ ಚಿತ್ರ ಅದು. ಗಿಟಾರಿನ ಜಿಮ್ಮಿ ಪೇಜ್, ಹಾಡುವ ರಾಬರ್ಟ್ ಪ್ಲಾಂಟ್, ಬೇಸ್ ನುಡಿಸುವ ಜಾನ್ ಪಾಲ್ ಜೋನ್ಸ್, ಈ ಮೂವರು ಮುದುಕರು ಕ್ಯಾಮೆರಾ ಮುಂದೆ ನೆನಪು ಹೇಳುತ್ತಾರೆ. ಡ್ರಮ್ಮು ಬಾರಿಸುತ್ತಿದ್ದ ಜಾನ್ ಬಾನಮ್ 1980ರಲ್ಲೇ ಸತ್ತ. ಅವನ ಹಳೆಯ ಸಂದರ್ಶನದ ಟೇಪು ಹುಡುಕಿ ತಂದು ದನಿ ಕೇಳಿಸುತ್ತಾರೆ. ಸತ್ತ ಗೆಳೆಯನ ಮಾತನ್ನು ಆ ಮೂವರು ಕೇಳುವ ಹೊತ್ತಿನಲ್ಲಿ ಅವರ ಮುಖ ನೋಡಬೇಕು. ನಮ್ಮ ಅಂಗನವಾಡಿ ಅಕ್ಕ ಒಬ್ಬರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಇಲ್ಲ ಅನ್ನೋದಿಲ್ಲ.

ಈ ಚಿತ್ರ ನೋಡಿದ ಅಭಿಮಾನಿಗಳು ಏನು ಹೇಳುತ್ತಾರೆ? ನಮ್ಮ ಬೆಂಗಳೂರು ಗೆಳೆಯರು ಹೇಳಿದ್ದೂ ಲೋಕದ ತುಂಬ ಇರುವ ಅಭಿಮಾನಿಗಳು ಹೇಳುತ್ತಿರುವುದೂ ಹೆಚ್ಚುಕಡಿಮೆ ಒಂದೇ. ಹಾಡುಗಳನ್ನು ತುಂಡು ಮಾಡದೆ ಪೂರ್ತಿ ತೋರಿಸಿದ್ದಾರೆ, ಅದು ದೊಡ್ಡದು ಅಂತಾರೆ. ಹೌದು, ದೊಡ್ಡದೇ. ಹೊರಗಿನ ಪಂಡಿತರನ್ನು ಕೂರಿಸಿ ಕೊರೆಸಿಲ್ಲ, ತಂಡದವರದ್ದೇ ಮಾತು ಅಂತಾರೆ. ಕತೆ 1970ರ ಜನವರಿಯ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಕಛೇರಿ ಹೊತ್ತಿಗೆ ನಿಂತುಬಿಡುತ್ತದಲ್ಲ, ಮುಂದಿನದು ಯಾಕಿಲ್ಲ ಎಂದು ಕೆಲವರಿಗೆ ಬೇಜಾರು. ಮುಂದಿನ ಭಾಗ ಮಾಡಲಿ ಎಂದು ಬೇಡಿಕೆ. ಕುಡಿತ, ಮಾದಕ, ಹೋಟೆಲ್ ರಂಪ ಇವನ್ನೆಲ್ಲ ತೋರಿಸಲಿಲ್ಲ ಅಂತ ಇನ್ನು ಕೆಲವರ ದೂರು. ತೋರಿಸದಿದ್ದದ್ದೇ ಒಳ್ಳೇದಾಯ್ತು, ಸಂಗೀತದ ಮರ್ಯಾದೆ ಉಳೀತು ಅಂತ ಮತ್ತಷ್ಟು ಜನ.

ಇಷ್ಟು ಹೇಳುವ ಹೊತ್ತಿಗೆ ನಮ್ಮ ಹುಡುಗಿಯೊಬ್ಬಳು ಕೇಳಿದಳು: 'ಅಣ್ಣಾ, ಇವರ ಮೇಲೆ ಕೇಸು ಬಿದ್ದಿತ್ತಲ್ಲ, ಹಾಡು ಕದ್ದಿದ್ದಕ್ಕೆ? ಅದೆಲ್ಲಿ ಈ ಚಿತ್ರದಲ್ಲಿ?'

ಗೆಳೆಯರ ಮುಖ ಸಣ್ಣಗಾಯಿತು. ಒಬ್ಬ ಹೇಳಿದ: 'ಅದು ಹಳೇ ಗಾಸಿಪ್ ಮಾರಾಯ್ತಿ. ಸಂಗೀತ ಕೇಳು.'

ಇಲ್ಲೇ ನಮ್ಮ ಜಗಳ ಶುರು.

ನಾವು ಕೂತಿದ್ದ ಜಾಗದಿಂದ ಬಹಳ ದೂರವೇನಲ್ಲ, ಸಾಗರ ತಾಲೂಕಿನ ಕಾಗೋಡು. 1951ರಲ್ಲಿ ಅಲ್ಲಿನ ಗೇಣಿದಾರರು, ಹೆಚ್ಚಿನವರು ದೀವರು, ಒಡೆಯರ ವಿರುದ್ಧ ಎದ್ದು ನಿಂತರು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ಸಮಾಜವಾದಿಗಳು ಬಂದು ಕೈಜೋಡಿಸಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಪುಸ್ತಕದಲ್ಲಿ ಅದನ್ನು 'ಕಾಗೋಡು ಸತ್ಯಾಗ್ರಹ' ಅಂತ ಒಂದು ಪ್ಯಾರಾ ಮಾಡಿ ಮುಗಿಸುತ್ತಾರೆ. ಅದು ಹೊತ್ತಿಕೊಂಡದ್ದು ಯಾವುದರಿಂದ? ಕೊಳಗದಿಂದ. ಭತ್ತ ಅಳೆಯುವ ಆ ಪಾತ್ರೆಯಿಂದ. ಗೇಣಿ ಅಳೆದುಕೊಳ್ಳುವಾಗ ಒಡೆಯನದ್ದು ದೊಡ್ಡ ಕೊಳಗ. ಎಣಿಕೆ ಸರಿ ಇರುತ್ತದೆ, ಇಷ್ಟು ಕೊಳಗ ಅಂದರೆ ಇಷ್ಟು ಕೊಳಗ. ಬಾಯಿ ಲೆಕ್ಕದಲ್ಲಿ ಒಂದು ಕಾಳೂ ವ್ಯತ್ಯಾಸವಿಲ್ಲ. ಮೋಸ ಇದ್ದದ್ದು ಎಣಿಕೆಯಲ್ಲಲ್ಲ, ಪಾತ್ರೆಯಲ್ಲಿ.

ಈ ಸಾಕ್ಷ್ಯಚಿತ್ರದಲ್ಲಿ ಸುಳ್ಳಿಲ್ಲ. ಹೇಳಿದ್ದೆಲ್ಲ ನಿಜ. ಬ್ಲೂಸ್ ಹಾಡಿದ ಕರಿಯರ ನೆನಪೂ ಭಕ್ತಿಯಿಂದಲೇ ಬರುತ್ತದೆ, 'ಅವರಿಂದ ಕಲಿತೆವು' ಎಂಬ ಮಾತೂ ಬರುತ್ತದೆ. ಆದರೆ ಮಾತಾಡುವವರು ತಂಡದವರು ಮಾತ್ರ. ಕಲಿಸಿದವರ ಮನೆಯವರು ಒಬ್ಬರೂ ಇಲ್ಲ. ಅಳೆಯುವವನೂ ಅವನೇ, ಕೊಳಗವೂ ಅವನದೇ. 'ಹೊರಗಿನವರನ್ನು ಕರೆಸಿಲ್ಲ, ಅದೇ ಚೆಂದ' ಅಂತ ಅಭಿಮಾನಿಗಳು ಹೇಳುತ್ತಾರಲ್ಲ, ಆ ಹೊರಗಿನವರು ಯಾರು ಅಂತ ಸ್ವಲ್ಪ ನೋಡೋಣ.

ವಿಲ್ಲಿ ಡಿಕ್ಸನ್. 1915ರಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ವಿಕ್ಸ್‌ಬರ್ಗಿನಲ್ಲಿ ಹುಟ್ಟಿದ ಕರಿಯ. ಆನೆಯಂಥ ಆಳು, ಬಾಕ್ಸಿಂಗ್ ಮಾಡುತ್ತಿದ್ದ. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಬಾ ಎಂದರೆ, ನನ್ನ ಜನರನ್ನು ಹೀಗೆ ನಡೆಸಿಕೊಳ್ಳುವ ದೇಶಕ್ಕಾಗಿ ನಾನು ಕಾದುವುದಿಲ್ಲ ಎಂದು ಜೈಲಿಗೆ ಹೋದವನು. ಶಿಕಾಗೋದ ಚೆಸ್ ರೆಕಾರ್ಡ್ಸ್ ಕಂಪನಿಯಲ್ಲಿ ಬೇಸ್ ನುಡಿಸುತ್ತ, ಬೇರೆಯವರಿಗೆ ಹಾಡು ಕಟ್ಟಿಕೊಡುತ್ತ ಬದುಕಿದ. ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್ ಹಾಡಿದ ಎಷ್ಟೋ ಹಾಡು ಈತ ಕಟ್ಟಿದ್ದು. 1962ರಲ್ಲಿ ಮಡ್ಡಿ ವಾಟರ್ಸ್ ಹಾಡಿದ 'ಯು ನೀಡ್ ಲವ್' ಕೂಡ.

1969ರ ಜನವರಿಯಲ್ಲಿ ಲೆಡ್ ಜೆಪೆಲಿನ್ ತಂಡದ ಮೊದಲ ತಟ್ಟೆ ಬಂತು. ಅದರಲ್ಲಿ ಎರಡು ಹಾಡು ಡಿಕ್ಸನ್ನನವು, ಅವನ ಹೆಸರನ್ನೂ ಹಾಕಿದ್ದರು. ಇದನ್ನು ಹೇಳಲೇಬೇಕು. ಅಂದರೆ ಹೆಸರು ಗೊತ್ತಿತ್ತು! ಅದೇ ವರ್ಷ ಅಕ್ಟೋಬರಿನಲ್ಲಿ ಎರಡನೆಯ ತಟ್ಟೆ. ಅದರ ಮೊದಲ ಹಾಡು 'ಹೋಲ್ ಲಾಟಾ ಲವ್', ಲೋಕವನ್ನೇ ಕುಣಿಸಿದ ಹಾಡು. ಅದರ ಮಾತುಗಳಲ್ಲಿ 'ಯು ನೀಡ್ ಲವ್' ಕೂತಿದೆ. ತಟ್ಟೆಯ ಮೇಲೆ ಡಿಕ್ಸನ್ ಇಲ್ಲ, ತಂಡದ ನಾಲ್ವರ ಹೆಸರಿದೆ. ವರ್ಷಗಳ ಮೇಲೆ ಆ ಹಾಡಿನೊಳಗೆ ಅಪ್ಪನ ಮಾತನ್ನು ಗುರುತಿಸಿ ಹೇಳಿದವಳು ಡಿಕ್ಸನ್ನನ ಮಗಳು ಶರ್ಲಿ. 1985ರಲ್ಲಿ ದಾವೆ ಹೂಡಿದ, 1987ರಲ್ಲಿ ನ್ಯಾಯಾಲಯದ ಹೊರಗೆ ರಾಜಿಯಾಯಿತು. ಈಗ ಆ ಹಾಡಿಗೆ ಅವನ ಹೆಸರೂ ಇದೆ. ಹದಿನೆಂಟು ವರ್ಷ ಬೇಕಾಯಿತು, ಒಂದು ಹೆಸರು ಬರೆಯೋದಕ್ಕೆ.

ಅದೇ ತಟ್ಟೆಯ ಇನ್ನೆರಡು ಹಾಡಿನ ಕತೆಯೂ ಹೀಗೇ. 'ದಿ ಲೆಮನ್ ಸಾಂಗ್' ಒಳಗೆ ಹೌಲಿನ್ ವುಲ್ಫನ 'ಕಿಲ್ಲಿಂಗ್ ಫ್ಲೋರ್'. 'ಬ್ರಿಂಗ್ ಇಟ್ ಆನ್ ಹೋಮ್' ಒಳಗೆ ಮತ್ತೆ ಡಿಕ್ಸನ್. ಇವೆರಡಕ್ಕೆ ಮೊದಲು ದಾವೆ ಹಾಕಿದ್ದು ಹಾಡು ಕಟ್ಟಿದವರಲ್ಲ, ಹಕ್ಕು ಹಿಡಿದಿದ್ದ ಆರ್ಕ್ ಮ್ಯೂಸಿಕ್ ಎಂಬ ಕಂಪನಿ. ಆ ಕಂಪನಿ ಎಂಥದ್ದು ಅಂದರೆ, ನಮಗೆ ಸಲ್ಲಬೇಕಾದ ದುಡ್ಡು ಸಲ್ಲಿಸಿಲ್ಲ ಎಂದು ಡಿಕ್ಸನ್ ಮತ್ತು ಮಡ್ಡಿ ವಾಟರ್ಸ್ 1970ರ ದಶಕದಲ್ಲಿ ಅದರ ಮೇಲೇ ದಾವೆ ಹೂಡಬೇಕಾಯಿತು. ಒಡೆಯನ ಕೈಯಿಂದ ತಪ್ಪಿಸಿಕೊಂಡರೆ ಶಾನುಭೋಗನ ಕೈ. ನಮ್ಮ ಹಳ್ಳಿಯ ಮೇಷ್ಟ್ರುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಷ್ಟಾದ ಮೇಲೆ ಡಿಕ್ಸನ್ ಮಾಡಿದ ಕೆಲಸ ಯಾವುದು ಗೊತ್ತೆ? ತನ್ನಂತೆ ಲೆಕ್ಕ ತಪ್ಪಿದ ಮುದಿ ಹಾಡುಗಾರರಿಗೆ ಅವರವರ ಹಕ್ಕಿನ ಹಣ ಕೊಡಿಸಲು 'ಬ್ಲೂಸ್ ಹೆವನ್' ಅಂತ ಒಂದು ಸಂಸ್ಥೆ ಕಟ್ಟಿದ. 1992ರಲ್ಲಿ ಸತ್ತ.

ಈಗ ಹೇಳಿ, ಇದು ಗಾಸಿಪ್ಪೆ?

ಚಿತ್ರ ತೋರಿಸುವ ಕಾಲವೇ 1968ರಿಂದ 1970. ಆ ಎರಡು ತಟ್ಟೆ ತಯಾರಾದ ಕಾಲ. ಯಾವ ಊರಿನ ಯಾವ ಸ್ಟುಡಿಯೋದಲ್ಲಿ ಯಾವ ಗಿಟಾರಿನಲ್ಲಿ ಯಾವ ಸದ್ದು ಹೇಗೆ ಹುಟ್ಟಿತು ಎಂಬುದನ್ನು ಕೂದಲು ಸೀಳಿ ಹೇಳುವ ಚಿತ್ರಕ್ಕೆ, ಮಾತು ಎಲ್ಲಿಂದ ಬಂತು ಅಂತ ಹೇಳಲು ಜಾಗವಿಲ್ಲ. 1970ಕ್ಕೆ ಕತೆ ನಿಲ್ಲಿಸಿದ್ದು ಏರುವ ಕಾಲವನ್ನು ಮಾತ್ರ ತೋರಿಸೋಣ ಅಂತ ಎನ್ನುತ್ತಾರೆ. ಇರಬಹುದು. ಆದರೆ ದಾವೆಗಳೆಲ್ಲ ಶುರುವಾಗುವುದು 1970 ಕಳೆದ ಮೇಲೆ. ಸುಗ್ಗಿಗೆ ಕ್ಯಾಮೆರಾ ಇಟ್ಟು, ಲೆಕ್ಕದ ದಿನ ಬರುವ ಮೊದಲೇ ಮುಚ್ಚಿದರೆ ಯಾವ ಒಡೆಯನ ಮನೆಯೂ ಚೆಂದವೇ ಕಾಣುತ್ತದೆ.

ನಮಗೆ ಹೆಚ್ಚು ಉರಿದದ್ದು ಇನ್ನೊಂದಕ್ಕೆ. ಇದೇ ಮ್ಯಾಕ್‌ಮಹೋನ್ ಮತ್ತು ಆತನ ಜೊತೆಗಾತಿ ಆಲಿಸನ್ ಮ್ಯಾಕ್‌ಗೌರ್ಟಿ ಈ ಮೊದಲು, 2017ರಲ್ಲಿ, 'ಅಮೆರಿಕನ್ ಎಪಿಕ್' ಎಂಬ ಸಾಕ್ಷ್ಯಚಿತ್ರ ಸರಣಿ ಮಾಡಿದ್ದರು. 1920ರ ದಶಕದಲ್ಲಿ ಅಮೆರಿಕದ ಬಡವರು, ಕರಿಯರು, ಮೂಲನಿವಾಸಿಗಳು, ಹತ್ತಿ ಹೊಲದವರು, ಗಣಿಯವರು ಮೊದಲ ಸಲ ತಟ್ಟೆಗೆ ಹಾಡಿದ ಚರಿತ್ರೆ ಅದು. ಅಂದರೆ ಈ ಇಬ್ಬರಿಗೆ ಗೊತ್ತಿಲ್ಲ ಅನ್ನುವ ಹಾಗೇ ಇಲ್ಲ. ಬಡವರ ಕತೆ ಹೇಳುವಾಗ ಬಡವರ ಪರ, ಒಡೆಯನ ಕತೆ ಹೇಳುವಾಗ ಒಡೆಯನ ಪರ. ಸಾಕ್ಷ್ಯಚಿತ್ರ ಅಂತ ಹೆಸರು. ಒಂದೇ ಕಡೆಯವರ ಸಾಕ್ಷ್ಯ ಕೇಳಿ ತೀರ್ಪು ಕೊಟ್ಟರೆ ಅದನ್ನು ನಮ್ಮೂರ ಪಂಚಾಯ್ತಿಕಟ್ಟೆಯಲ್ಲೂ ಒಪ್ಪೋದಿಲ್ಲ.

ಗೆಳೆಯರಲ್ಲಿ ಹೆಚ್ಚು ಓದಿದವನು ಒಂದು ಒಳ್ಳೆ ವಾದ ಹೂಡಿದ. ಅದನ್ನು ಅವನ ಬಾಯಲ್ಲೇ ಕೇಳಿ: 'ಬ್ಲೂಸ್ ಅಂದರೆ ಜಾನಪದ ಕಣ್ರೋ. ಒಬ್ಬನ ಸಾಲು ಇನ್ನೊಬ್ಬ ಎತ್ತಿಕೊಳ್ಳೋದೇ ಅದರ ರೀತಿ. ಡಿಕ್ಸನ್ನೂ ಯಾರದ್ದೋ ಸಾಲು ಎತ್ತಿಕೊಂಡಿರ್ತಾನೆ. ನಿಮ್ಮ ಜನಪದರು ಎತ್ತಿಕೊಳ್ಳಲ್ವ? ಅಲ್ಲದೆ ಎಲ್ಲ ಕೇಸೂ ನಿಜ ಅಲ್ಲ. ಸ್ಟೇರ್‌ವೇ ಹಾಡಿನ ಮೇಲೆ ಹಾಕಿದ್ದ ಕೇಸಲ್ಲಿ ತಂಡಾನೇ ಗೆದ್ದಿದೆ.'

ಗೆದ್ದದ್ದು ನಿಜ, 2016ರಲ್ಲಿ ಜ್ಯೂರಿ ತೀರ್ಪು, 2020ರಲ್ಲಿ ಮೇಲ್ಮನವಿಯಲ್ಲೂ ಅದೇ. ಗೆದ್ದದ್ದನ್ನು ಕೊಟ್ಟುಬಿಡೋಣ. ಜಾನಪದದಲ್ಲಿ ಸಾಲು ಕೈಯಿಂದ ಕೈಗೆ ಹೋಗುತ್ತದೆ ಅನ್ನೋದೂ ನಿಜ. ನಮ್ಮ ಅವ್ವಂದಿರು ನಾಟಿ ಮಾಡುವಾಗ ಹಾಡುವ ಹಾಡಿಗೆ ಯಾರು ಒಡತಿ? ಎಲ್ಲರೂ. ಗೋಮಾಳ ಇದ್ದ ಹಾಗೆ. ಎಲ್ಲರ ದನವೂ ಮೇಯಬಹುದು. ಒಬ್ಬ ಬಂದು ಆ ಗೋಮಾಳಕ್ಕೆ ಬೇಲಿ ಹಾಕುತ್ತಾನೆ, ಕಚೇರಿಗೆ ಹೋಗಿ ತನ್ನ ಹೆಸರಿಗೆ ಖಾತೆ ಮಾಡಿಸುತ್ತಾನೆ, ಹುಲ್ಲು ಕೊಯ್ದು ಮಾರುತ್ತಾನೆ. ಕೇಳಿದರೆ 'ಗೋಮಾಳ ಅಂದಮೇಲೆ ಯಾರು ಬೇಕಾದರೂ ಬಳಸಬಹುದಲ್ವ, ಅದೇ ಸಂಪ್ರದಾಯ' ಅಂತಾನೆ! ಬಳಸು ಮಾರಾಯ, ಯಾರು ಬೇಡ ಅಂದರು. ಖಾತೆ ಯಾಕೆ ಮಾಡಿಸಿಕೊಂಡೆ? ಡಿಕ್ಸನ್ ಕೇಳಿದ್ದು ಹಾಡಿದ್ದನ್ನಲ್ಲ, ಖಾತೆಯನ್ನು.

'ಜಾನಪದ' ಅನ್ನುವ ಈ ಮಾತು ಎಂಥ ಕೆಲಸ ಮಾಡುತ್ತದೆ ಅನ್ನೋದಕ್ಕೆ ಅದೇ ಮೊದಲ ತಟ್ಟೆಯಲ್ಲಿ ಇನ್ನೊಂದು ಸಾಕ್ಷಿ ಇದೆ. 'ಬೇಬ್ ಐಯಾಮ್ ಗೋನ್ನಾ ಲೀವ್ ಯು' ಹಾಡಿಗೆ 'ಸಾಂಪ್ರದಾಯಿಕ, ಸಂಯೋಜನೆ ಜಿಮ್ಮಿ ಪೇಜ್' ಎಂದು ಹಾಕಿದ್ದರು. ಅದು ಸಾಂಪ್ರದಾಯಿಕವಲ್ಲ. ಆನ್ ಬ್ರೆಡನ್ ಎಂಬ ಹೆಂಗಸು 1950ರ ದಶಕದಲ್ಲಿ ಕಟ್ಟಿದ ಹಾಡು. ಆಕೆ ಬದುಕಿಯೇ ಇದ್ದಳು. ಜೋನ್ ಬಯೆಜ್ ಹಾಡಿದ್ದನ್ನು ಕೇಳಿ ಇವರು ಎತ್ತಿಕೊಂಡರು. ಬ್ರೆಡನ್ ಹೆಸರು ಆ ಹಾಡಿಗೆ ಸೇರಿದ್ದು 1990ರಲ್ಲಿ. ಈಕೆ ಬಿಳಿಯಳೇ, ಹೆಸರು ಅಳಿಸಲು ಚರ್ಮ ಕಪ್ಪಗೇ ಇರಬೇಕು ಅಂತಿಲ್ಲ, ಕಚೇರಿಯಿಂದ ದೂರ ಇದ್ದರೆ ಸಾಕು. 'ಸಾಂಪ್ರದಾಯಿಕ' ಅಂದರೆ ಒಡೆಯರ ಭಾಷೆಯಲ್ಲಿ 'ಕೇಳೋರಿಲ್ಲದ್ದು' ಅಂತ ಅರ್ಥ.

ಇದನ್ನೆಲ್ಲ ಕುಪ್ಪಳ್ಳಿಯಲ್ಲಿ ಕೂತು ನಾವು ಯಾಕೆ ಬರೆಯಬೇಕು? ಅಮೆರಿಕದ ಕರಿಯರಿಗೂ ಮಲೆನಾಡಿನ ಹೊಲಗೇರಿಗೂ ಏನು ನಂಟು? ಹಳೆ ನಂಟು. 1946ರಲ್ಲೇ ಬಾಬಾಸಾಹೇಬರು ಅಮೆರಿಕದ ಕರಿಯರ ನಾಯಕ ಡುಬಾಯಿಸ್‌ಗೆ ಕಾಗದ ಬರೆದಿದ್ದರು. 1972ರಲ್ಲಿ ಬೊಂಬಾಯಿಯ ಹುಡುಗರು ದಲಿತ ಪ್ಯಾಂಥರ್ಸ್ ಕಟ್ಟಿದಾಗ ಹೆಸರು ತಂದದ್ದು ಬ್ಲ್ಯಾಕ್ ಪ್ಯಾಂಥರ್ಸ್ ಅವರಿಂದ. ಹೆಸರು ತಂದೆವು, ತಂದೆವು ಅಂತ ಹೇಳಿಯೇ ತಂದೆವು. ತಮಾಷೆ ನೋಡಿ, ಅದೇ 1972ರಲ್ಲಿ ಅದೇ ಬೊಂಬಾಯಿಗೆ ಪೇಜ್ ಮತ್ತು ಪ್ಲಾಂಟ್ ಬಂದು ಅಲ್ಲಿನ ವಾದ್ಯಗಾರರನ್ನು ಕೂರಿಸಿಕೊಂಡು ತಮ್ಮ ಎರಡು ಹಾಡು ಧ್ವನಿಮುದ್ರಿಸಿದರು. ಆ ಮುದ್ರಣ ಅಧಿಕೃತವಾಗಿ ಹೊರಬಂದದ್ದು 2015ರಲ್ಲಿ. ಹಾಡಿನ ಹೆಸರಿನ ಪಕ್ಕ 'ಬಾಂಬೆ ಆರ್ಕೆಸ್ಟ್ರಾ' ಎಂದು ಹಾಕಿದ್ದಾರೆ. ಊರಿನ ಹೆಸರು! ನಮ್ಮ ಅಪ್ಪಂದಿರನ್ನು ಕಾಫಿ ತೋಟದಲ್ಲಿ 'ಏ ತೀರ್ಥಳ್ಳಿ, ಬಾ ಇಲ್ಲಿ' ಅಂತ ಕರೆಯುತ್ತಿದ್ದ ಹಾಗೆ.

ಬೆಂಗಳೂರನ್ನು ದೇಶದ ರಾಕ್ ರಾಜಧಾನಿ ಅಂತ ಕರೆದುಕೊಳ್ಳುವವರಿದ್ದಾರೆ. 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬಂದರು. ಆ ತಂಡದ ಹೆಸರೇ ಮಡ್ಡಿ ವಾಟರ್ಸ್‌ನ ಹಾಡಿನದು. 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ನಮ್ಮ ಗೆಳೆಯರ ಅಣ್ಣಂದಿರು ಮಳೆಯಲ್ಲಿ ನೆಂದುಕೊಂಡು ನೋಡಿದ್ದಾರೆ. ನೋಡಲಿ. ಟಿಕೆಟ್ಟಿಗೆ ದುಡ್ಡಿದ್ದಿದ್ದರೆ ನಾವೂ ಹೋಗುತ್ತಿದ್ದೆವೋ ಏನೋ. ಆದರೆ ಈ ಅಭಿಮಾನ ಅನ್ನೋದು ಒಂದು ವಿಚಿತ್ರ ಗುತ್ತಿಗೆ. ಒಡೆಯ ತಾನು ಕೇಳದ ಕ್ಷಮೆಯನ್ನು ಅಭಿಮಾನಿ ಅವನ ಪರವಾಗಿ ಕೊಟ್ಟುಬಿಡುತ್ತಾನೆ. ತಂಡದವರು ರಾಜಿ ಮಾಡಿಕೊಂಡು ಹೆಸರು ಸೇರಿಸಿದ್ದಾರೆ. ಅಭಿಮಾನಿ ಮಾತ್ರ 'ಕದ್ದೇ ಇಲ್ಲ' ಅಂತ ಇನ್ನೂ ಹೊಡೆದಾಡುತ್ತಾನೆ. ದಣಿಗಿಂತ ದಣಿಯ ನಾಯಿ ಹೆಚ್ಚು ಬೊಗಳುತ್ತೆ ಅಂದಿದ್ದಕ್ಕೆ ಗೆಳೆಯರಿಗೆ ಸಿಟ್ಟು ಬಂತು. ಬರಲಿ. ನಾವು ಆ ನಾಯಿಯ ಪಾಡನ್ನೂ ಬಲ್ಲೆವು.

ಯಾಕೆಂದರೆ ಮಾರನೇ ದಿನ ಬೆಳಿಗ್ಗೆ ಆ ಗೆಳೆಯರು ನಮ್ಮನ್ನೇ ಹಿಡಿದರು. ಮಳೆ ಬಿಟ್ಟಿತ್ತು. ಕವಿಮನೆಯ ತೊಟ್ಟಿಯಂಗಳದಲ್ಲಿ ನಿಂತಿದ್ದೆವು. ಮೂರಂತಸ್ತಿನ ಮರದ ಮನೆ, ಕೆತ್ತನೆಯ ಕಂಬಗಳು. ಮೇಷ್ಟ್ರೊಬ್ಬರು ಕೈ ಮುಗಿದುಕೊಂಡೇ ಓಡಾಡುತ್ತಿದ್ದರು. ಬೆಂಗಳೂರಿನವನು ಮೆಲ್ಲಗೆ ಕೇಳಿದ: 'ಈ ಕಂಬ ಹೊತ್ತವರ ಹೆಸರು ಎಲ್ಲಿ ಬರೆದಿದ್ದಾರೆ?'

ಸುಮ್ಮನಾದೆವು. ಸರಿಯಾದ ಏಟು.

ಉತ್ತರ ಕೊಟ್ಟವಳು ರಾತ್ರಿ ಕೇಸಿನ ಮಾತೆತ್ತಿದ ಹುಡುಗಿಯೇ. 'ಕಂಬದ ಮೇಲಿಲ್ಲ. ಈ ಮನೆಯವರು ಬರೆದ ಪುಸ್ತಕದಲ್ಲಿದೆ' ಅಂದಳು. 1967ರಲ್ಲಿ ಬಂದ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಯಾವ ಹೆಗ್ಗಡೆಯಿಂದಲೂ ಕುವೆಂಪು ಶುರು ಮಾಡಲಿಲ್ಲ. ಜೀತದ ಹೊಲೆಯ ನಾಯಿಗುತ್ತಿಯಿಂದ ಶುರು ಮಾಡಿದರು. ಗುತ್ತಿಯ ಕಾಲಿನ ಹಿಂದೆ ನಡೆದು ಇಡೀ ಮಲೆನಾಡನ್ನು ನೋಡಿದರು. ಅವನು ತಿಮ್ಮಿಯನ್ನು ಕರೆದುಕೊಂಡು ಒಡೆಯರ ಕೈ ತಪ್ಪಿಸಿ ಓಡುವಾಗ ಅವನ ನಾಯಿ ಹುಲಿಯನಿಗೂ ಕಾದಂಬರಿಯಲ್ಲಿ ಜಾಗವಿದೆ. ಉಳ್ಳವರ ಮನೆಯಲ್ಲಿ ಹುಟ್ಟಿದವನು ಒಡೆಯನ ಕೊಳಗ ಬಿಸಾಡಿ ಬೇರೆ ಕೊಳಗ ಹಿಡಿಯಬಹುದು ಅನ್ನೋದಕ್ಕೆ ಕುಪ್ಪಳ್ಳಿಯಲ್ಲೇ ಸಾಕ್ಷಿ ಇದೆ. ಹಾಗಂತ ಗುತ್ತಿಯೇ ತನ್ನ ಕತೆ ಬರೆದಂತಾಗಲಿಲ್ಲ, ಆ ಜಗಳ ಬೇರೆ ಇದೆ, ಅದನ್ನು ಇನ್ನೊಂದು ಸಂಚಿಕೆಗೆ ಇಟ್ಟುಕೊಳ್ಳೋಣ.

ಆದರೆ ಕುವೆಂಪು ಅಭಿಮಾನಿಗಳಾದ ನಾವು ಏನು ಮಾಡಿದೆವು? ಅವರ ಪದ್ಯ 2004ರ ಜನವರಿಯಲ್ಲಿ ನಾಡಗೀತೆಯಾಯಿತು. ಆಮೇಲೆ ಮೈಸೂರು ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವತ್ಥರ ಧಾಟಿಯೋ ಅಂತ ಹದಿನೆಂಟು ವರ್ಷ ಕಾದಾಡಿ, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿ, ಎರಡು ನಿಮಿಷ ಮೂವತ್ತು ಸೆಕೆಂಡು ಅಂತ ಆದೇಶ ಹೊರಡಿಸಿತು. ಮತ್ತೆ ಕೋರ್ಟಿಗೆ ಹೋದರು. ಧಾಟಿ ಕಟ್ಟಿದವನ ಹೆಸರಿಗೆ ಬೆಲೆಯಿದೆ ಅಂತ ಕನ್ನಡ ನಾಡಿಗೆ ಗೊತ್ತಿಲ್ಲದೇ ಇಲ್ಲ. ಸೆಕೆಂಡುಗಟ್ಟಲೆ ಗೊತ್ತಿದೆ. ಆದರೆ ಯಾರ ಧಾಟಿಗೆ?

ಈಗ ನಮ್ಮ ಕೇರಿಯ ಮಾತು ಹೇಳಬೇಕು. ನಮ್ಮಲ್ಲಿ ಒಬ್ಬನ ಅಜ್ಜ ಹಲಗೆ ಬಡಿಯುತ್ತಿದ್ದರು. ಸಾವಿಗೆ ಒಂದು ಬಡಿತ, ಮಾರಿಗೆ ಒಂದು, ಮದುವೆ ದಿಬ್ಬಣಕ್ಕೆ ಒಂದು. ಇವಲ್ಲದೆ ಅವರದ್ದೇ ಒಂದು ಇತ್ತು. ಅವರ ಮಗ, ನಮ್ಮವನ ಚಿಕ್ಕಪ್ಪ, ಹೊಳೆಯಲ್ಲಿ ಹೋದ ವರ್ಷ ಅಜ್ಜ ಅದನ್ನು ಕಟ್ಟಿದರಂತೆ. ಮೂರು ಏಟು, ಒಂದು ಬಿಡುವು, ಮತ್ತೆ ಎರಡು. ಆ ಬಿಡುವಿನಲ್ಲಿ ನೀರಿನ ಸದ್ದು ಕೇಳಬೇಕು ಅಂತ ಅಜ್ಜ ಹೇಳುತ್ತಿದ್ದರು. ಕೆಲವು ವರ್ಷದ ಹಿಂದೆ ಮಲೆನಾಡಿನ ಕಲೆಗಳ ಬಗ್ಗೆ ಚಿತ್ರ ಮಾಡುವವರು ಊರಿಗೆ ಬಂದರು. ಅಜ್ಜನನ್ನು ಗದ್ದೆ ಬದುವಿನ ಮೇಲೆ ನಿಲ್ಲಿಸಿ, ಅಂಗಿ ಬಿಚ್ಚಿಸಿ, ಸಂಜೆ ಬೆಳಕು ಬರುವವರೆಗೂ ಬಡಿಸಿದರು. ಊಟ ಹಾಕಿದರು, ಮುನ್ನೂರು ರೂಪಾಯಿ ಕೊಟ್ಟರು. ಚಿತ್ರ ಬಂತು. ಹಿನ್ನೆಲೆ ಸಂಗೀತ ಅಂತ ಒಬ್ಬರ ಹೆಸರು ಬಂತು, ಆ ಹಿನ್ನೆಲೆಯಲ್ಲಿ ಅಜ್ಜನ ಬಡಿತವೇ ಮೊದಲಿಂದ ಕೊನೆವರೆಗೆ. ಕೊನೆಯಲ್ಲಿ 'ಕೃತಜ್ಞತೆ: ಸ್ಥಳೀಯ ಕಲಾವಿದರು' ಅಂತ ಒಂದು ಸಾಲು. ನೋಡಿದವರೆಲ್ಲ ಹೊಗಳಿದರು. ಎಂಥ ಛಾಯಾಗ್ರಹಣ, ಎಂಥ ಹಿನ್ನೆಲೆ ಸಂಗೀತ!

ಅಜ್ಜನಿಗೆ ಮೊಮ್ಮಗ ಅದನ್ನು ಮೊಬೈಲಿನಲ್ಲಿ ತೋರಿಸಿದ. ಅಜ್ಜ ತಮ್ಮ ಮುಖ ನೋಡಿ ನಕ್ಕರು. ಬಡಿತ ಕೇಳಿ ನಗು ನಿಲ್ಲಿಸಿದರು. 'ನೀರಿನ ಬಿಡುವು ತೆಗ್ದಿದಾರೆ' ಅಂದರು. ಬಿಡುವು ಉದ್ದವಾಯಿತು ಅಂತ ಅದನ್ನು ಕತ್ತರಿಸಿ ಜೋಡಿಸಿದ್ದರು. ದುಡ್ಡಿನ ಮಾತಾಗಲಿ ಹೆಸರಿನ ಮಾತಾಗಲಿ ಅವರು ಎತ್ತಲಿಲ್ಲ. ಈಗ ಇಲ್ಲ.

ಲೆಡ್ ಜೆಪೆಲಿನ್ ಚಿತ್ರದಲ್ಲಿ ಸತ್ತ ಬಾನಮ್‌ನ ದನಿಯನ್ನು ಹುಡುಕಿ ತಂದು ಗೆಳೆಯರಿಗೆ ಕೇಳಿಸಿದ್ದನ್ನು ನೋಡುವಾಗ ಆ ಮೊಮ್ಮಗ ಎದ್ದು ಹೊರಗೆ ಹೋಗಿದ್ದ. ಮಳೆಯಲ್ಲಿ ನಿಂತಿದ್ದ. ಯಾಕೆ ಅಂತ ಬೆಂಗಳೂರಿನ ಗೆಳೆಯರಿಗೆ ಆಗ ಗೊತ್ತಾಗಲಿಲ್ಲ. ಕತೆ ಕೇಳಿದ ಮೇಲೆ ಅವರಲ್ಲೊಬ್ಬ ಆ ಚಿತ್ರದವರಿಗೆ ಕಾಗದ ಬರೆಯೋಣ, ನಾನೇ ಬರೀತೀನಿ ಅಂತ ಹೊರಟ. ಡಿಕ್ಸನ್ನನ ಮಗಳ ಕೆಲಸ ಅವನೂ ಮಾಡಲಿ, ಬೇಡ ಅನ್ನಲಿಲ್ಲ.

ಆದರೆ ಅದಕ್ಕೂ ಮೊದಲು ನಾವು ನಮ್ಮ ಮನೆ ಗುಡಿಸಬೇಕಾಗಿತ್ತು. ಚಳವಳಿಯ ಹಾಡಿನ ಪುಸ್ತಕ ಒಂದು ನಾವೇ ಅಚ್ಚು ಹಾಕಿಸಿದ್ದೇವೆ. ಮೂರು ಮುದ್ರಣವಾಗಿದೆ. ಪ್ರತಿ ಹಾಡಿನ ಕೆಳಗೆ ಕವಿಯ ಹೆಸರಿದೆ, ದಪ್ಪ ಅಕ್ಷರದಲ್ಲಿ. ಕವಿಗಳು ನಾವೇ ತಾನೆ! ಮೇಲೆ ಸಣ್ಣಕ್ಷರದಲ್ಲಿ 'ಧಾಟಿ: ಜಾನಪದ'. ಬೆಂಗಳೂರಿನವನು ಆ ಪುಸ್ತಕ ತಿರುವಿ ಹಾಕಿ, ಏನೂ ಹೇಳದೆ, 'ಸಾಂಪ್ರದಾಯಿಕ, ಸಂಯೋಜನೆ ಜಿಮ್ಮಿ ಪೇಜ್' ಅಂತ ಬರೆದುಕೊಂಡಿದ್ದ ಚೀಟಿಯನ್ನು ಅದರ ಪಕ್ಕ ಇಟ್ಟ.

ಹಲಗೆಯನ್ನು ಅವಮಾನದ ದುಡಿಮೆ ಅಂತ ನಮ್ಮ ಹಿರಿಯರು ಕೆಳಗಿಟ್ಟರು, ಸರಿಯಾಗಿಯೇ ಕೆಳಗಿಟ್ಟರು. ಮೆರವಣಿಗೆಯಲ್ಲಿ ನಾವು ಅದನ್ನು ಮತ್ತೆ ಎತ್ತಿದೆವು, ಅದೂ ಸರಿ. ಆದರೆ ಮೆರವಣಿಗೆ ಮುಂದೆ ಬಡಿದುಕೊಂಡು ನಡೆದವರ ಹೆಸರು ನಮ್ಮ ವರದಿಗಳಲ್ಲಿ ಎಲ್ಲಿದೆ? ಭಾಷಣ ಮಾಡಿದವರ ಹೆಸರಿದೆ, ಅಧ್ಯಕ್ಷತೆ, ಸ್ವಾಗತ, ವಂದನಾರ್ಪಣೆ ಎಲ್ಲ ಇದೆ. ಕಾಗೋಡಿನ ಮೇಲೆ ಬಂದ ಭೂಸುಧಾರಣೆಯಲ್ಲಿ ಗೇಣಿದಾರನಿಗೆ ಭೂಮಿ ಸಿಕ್ಕಿತು, ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದ ನಮ್ಮವರು ಹೆಚ್ಚಿನ ಕಡೆ ಹೊರಗೇ ಉಳಿದರು ಅಂತ ನಾವೇ ಎಷ್ಟು ಸಲ ಭಾಷಣ ಮಾಡಿದ್ದೇವೆ. ನಮ್ಮ ಹಾಡಿನ ಪುಸ್ತಕದಲ್ಲೂ ಆದದ್ದು ಅದೇ ಅಲ್ಲವೆ? ಅಕ್ಷರ ಬಲ್ಲವನ ಹೆಸರಿಗೆ ಖಾತೆ ಆಯಿತು.

ಸಂಜೆ ಬಸ್ಸಿಗೆ ಹೊರಡುವ ಮುಂಚೆ ಕೂತು ಆ ಪುಸ್ತಕದ ಮೂವತ್ತೊ ಮೂವತ್ತೆರಡೊ ಹಾಡಿನ ಧಾಟಿ ಎಲ್ಲಿಂದ ಬಂತು ಅಂತ ಒಂದೊಂದಾಗಿ ಕೇಳುತ್ತ ಹೋದೆವು. ನಾಲ್ಕು ಹಾಡು ನಾಟಿ ಗದ್ದೆಯವು, ಕಲಿಸಿದ ಅವ್ವಂದಿರ ಹೆಸರು ಸಿಕ್ಕಿತು. ಎರಡು ಲಿಂಗನಮಕ್ಕಿಯಲ್ಲಿ ಮುಳುಗಿದ ಊರಿನಿಂದ ಎದ್ದು ಬಂದ ಒಬ್ಬ ಮುದುಕಿ ಹಾಡುತ್ತಿದ್ದವು. ಆಕೆಗೆ ಸತ್ತಾಗಲೂ ಹಕ್ಕುಪತ್ರ ಬಂದಿರಲಿಲ್ಲ. ಆಕೆಯ ಹೆಸರು ಮೊಮ್ಮಗಳು ಹೇಳಿದಳು, ಬರೆದುಕೊಂಡೆವು. ಒಂದು ಧಾಟಿ ಹಿಂದಿ ಸಿನಿಮಾದ್ದು ಅಂತ ಗೊತ್ತಾಗಿ ಎಲ್ಲರೂ ನಕ್ಕೆವು. ಅದನ್ನೂ ಹಾಗೇ ಬರೆಯೋದು ಅಂತಾಯಿತು. ಅಜ್ಜನ ಬಡಿತಕ್ಕೆ ನಾವು ಪದ್ಯ ಕೂಡಿಸಿ ಹಾಡುವುದು ಒಂದಿದೆ, ಅದರ ಮೇಲೆ ಅಜ್ಜನ ಹೆಸರು. ಬಿಡುವು ಎಷ್ಟು ಅಂತಲೂ ಹಾಕಬೇಕು ಅಂತ ಮೊಮ್ಮಗ ಹಟ ಹಿಡಿದ. ಹಾಕ್ತೀವಿ.

ನಾಲ್ಕನೇ ಮುದ್ರಣ ಬೇಸಿಗೆಗೆ ತರಬೇಕೆಂದಿದೆ. ಇನ್ನೂ ಹತ್ತೊಂಬತ್ತು ಹಾಡಿನ ಧಾಟಿ ಯಾರದ್ದೆಂದು ತಿಳಿದಿಲ್ಲ. ಅವುಗಳ ಪಟ್ಟಿ ಇದೇ ಸಂಚಿಕೆಯ ಹಿಂಬದಿ ರಟ್ಟಿನ ಒಳಗಿದೆ. ಮೇಷ್ಟ್ರುಗಳು ಶಾಲೆಯಲ್ಲಿ ಮಕ್ಕಳಿಗೆ ಹಾಡಿಸಿ, ಮನೆಗೆ ಹೋಗಿ ಅಜ್ಜಿಯನ್ನು ಕೇಳಿಕೊಂಡು ಬರಲು ಹೇಳಿ. ಯಾರ ಬಾಯಿಂದ ಕೇಳಿದ್ದು, ಯಾವ ಊರು, ಯಾವ ಕೆಲಸ ಮಾಡುವಾಗ ಹಾಡುತ್ತಿದ್ದರು, ಇಷ್ಟು ಬರೆದು ಕಳಿಸಿದರೆ ಸಾಕು. ಕಾರ್ಡಿನಲ್ಲಿ ಬರೆದರೂ ಆಯಿತು.